ಗೌರಕ್ಕನ ರಜೆಗಾಗಿ ಪಾಸ್‌ವರ್ಡ್ ಬಿಡಿಸಿದ ಕಥೆ

ನಾನು ಹತ್ತೊಂಬತ್ತನೇ ವಯಸ್ಸಿಗೆ ನಿವೃತ್ತನಾದೆ. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಮುಂದೆ ಕೆಲಸದ ವಿಷಯವಿದೆ. ಒಂದು ವರ್ಷ ಹನ್ನೊಂದು ತಿಂಗಳ ಸುದೀರ್ಘ ಸೇವೆಯ ನಂತರ, ಫಿಸಿಕ್ಸು ಕೊನೆಗೂ ಕರುಣೆ ತೋರಿ ನನ್ನನ್ನು ಪಿಯುಸಿ ದಾಟಿಸಿದ ಕಾರಣ, ಡಿಗ್ರಿಗೆ ಸೇರಲು ಕೆಲಸ ಬಿಟ್ಟೆ. ಯಾರೂ ಶಾಲು ಹೊದೆಸಲಿಲ್ಲ, ಹಣ್ಣಿನ ಬುಟ್ಟಿ ಕೊಡಲಿಲ್ಲ. ಯಜಮಾನರಾದ ಕಾಮತ್ ಸರ್ ಲ್ಯಾಬಿನ ಹೆಸರಿದ್ದ ಒಂದು ಪೆನ್ನು ಕೊಟ್ಟರು. ಬರೆದು ನೋಡಿದರೆ ರಿಫಿಲ್ ಒಣಗಿತ್ತು. ಹಾಗಾಗಿ ಇದನ್ನು ಟೈಪ್ ಮಾಡುತ್ತಿದ್ದೇನೆ, ನನ್ನ ಕುರ್ಚಿಗೆ ಬರುವವರು ಓದಲಿ ಎಂದು. ಬಡ್ತಿಯ ವಿಷಯ ಮಾತ್ರ ಕೇಳಬೇಡಿ. ಸ್ಟೂಲಿನಿಂದ ಕೈಯಿರುವ ಕುರ್ಚಿಗೆ ಏರಿದ್ದೇ ನನ್ನ ಬಡ್ತಿ, ಅದರ ಒಂದು ಕೈ ಅಲುಗಾಡುತ್ತಿತ್ತು.

ನಮ್ಮದು ರಕ್ತ ಪರೀಕ್ಷೆಯ ಲ್ಯಾಬು. ಮುಖ್ಯ ಕಚೇರಿ ಹೊನ್ನಾವರದಲ್ಲಿ, ಶಾಖೆಗಳು ಭಟ್ಕಳ ಮತ್ತು ಕುಮಟಾದಲ್ಲಿ. ಮೂರೂ ಕಡೆ ಒಂದೊಂದು ಸರ್ವರ್. ಸರ್ವರ್ ಅಂದರೆ ಸಿನಿಮಾದಲ್ಲಿ ನೀಲಿ ದೀಪ ಮಿನುಗುವ ತಣ್ಣನೆ ಕೋಣೆ ಎಂದುಕೊಳ್ಳಬೇಡಿ. ಹೊನ್ನಾವರದ್ದು ಮೇಜಿನ ಕೆಳಗೆ, ಒದ್ದೆ ಕೊಡೆಗಳ ಪಕ್ಕದಲ್ಲಿ ಇತ್ತು. ಸಂಜೆ ಪರೀಕ್ಷಿಸಿದ ರಕ್ತದ ವರದಿಗಳು ಆಯಾ ಊರಿನ ಸರ್ವರಿನಲ್ಲಿ ಕುಳಿತಿರುತ್ತವೆ. ಬೆಳಿಗ್ಗೆ ಆರು ಗಂಟೆಗೆ ಹೊನ್ನಾವರದಿಂದಲೇ ಆ ಎರಡು ಸರ್ವರುಗಳ ಒಳಗೆ ಹೊಕ್ಕು ಅವನ್ನು ಎಳೆದು ತರಬೇಕು, ಕಾಮತ್ ಸರ್ ನೋಡಿ ಸಹಿ ಮಾಡಬೇಕು, ಎಂಟರೊಳಗೆ ಡಾಕ್ಟರುಗಳಿಗೆ ತಲುಪಬೇಕು. ತಡವಾದರೆ ಸಕ್ಕರೆ ಕಾಯಿಲೆಯವರು ಫೋನ್ ಮಾಡಿ ತಮ್ಮ ಬಾಯಿಯ ಎಲ್ಲ ಸಿಹಿಯನ್ನೂ ಬದಿಗಿಟ್ಟು ಮಾತಾಡುತ್ತಿದ್ದರು.

ಒಳಗೆ ಹೊಗಲು ಪಾಸ್‌ವರ್ಡ್ ಬೇಕು. ಪ್ರತಿ ಊರಿನಿಂದ ನಾಲ್ಕು ಬಗೆಯ ಕಡತಗಳು, ಪ್ರತಿಯೊಂದಕ್ಕೂ ಹೊಸದಾಗಿ ಪಾಸ್‌ವರ್ಡ್. ಅಂದರೆ ದಿನಕ್ಕೆ ಎಂಟು ಸಲ. ಆ ಪಾಸ್‌ವರ್ಡ್ ಕಾಮತ್ ಸರ್ ಅವರ ಸ್ವಂತ ರಚನೆ, ಇಪ್ಪತ್ತೆರಡು ಅಕ್ಷರ. ಶರಾವತಿ ಸೇತುವೆಯನ್ನು ನಡೆದು ದಾಟುವುದೂ ಒಂದೇ, ಅದನ್ನು ಟೈಪ್ ಮಾಡುವುದೂ ಒಂದೇ. ಮೂರು ಸಲ ತಪ್ಪಿದರೆ ಸರ್ವರ್ ಮುನಿಸಿಕೊಂಡು ಒಂದು ಗಂಟೆ ಬಾಗಿಲು ಮುಚ್ಚುತ್ತದೆ. ಮೇಲಾಗಿ ಅದನ್ನು ಎಲ್ಲೂ ಬರೆದಿಡಬಾರದು. ಹಿಂದೊಮ್ಮೆ ಕೀಬೋರ್ಡಿನ ಕೆಳಗೆ ಚೀಟಿ ಸಿಕ್ಕಾಗ ಕಾಮತ್ ಸರ್ ಅದನ್ನು ಹರಿದು, ಸುಟ್ಟು, ಬೂದಿಯನ್ನು ಹೊಳೆಗೆ ಬಿಟ್ಟರಂತೆ. ಬೂದಿಯ ಭಾಗ ನಾನು ಸೇರಿಸಿದ್ದು.

ಬರೆಯದೆ ಅದನ್ನು ನೆನಪಿಟ್ಟುಕೊಂಡ ಏಕೈಕ ಜೀವಿ ಗೌರಕ್ಕ. ಹಳದೀಪುರದವರು, ನಲವತ್ತೈದರ ಆಸುಪಾಸು, ಮೊದಲ ಬಸ್ಸಿಗೆ ಬಂದು ಲ್ಯಾಬಿನ ಬೀಗ ತೆಗೆಯುವವರು. ಎಂಟು ವರ್ಷಗಳಿಂದ ಆರು ಗಂಟೆಯ ಕೆಲಸ ಅವರದ್ದೇ. ಮೊದಲ ದಿನ ಅವರ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕುಳಿತಾಗ ನನಗೆ ಹೆದರಿಕೆಯಾಯಿತು. ಅವರು ಕಂಪ್ಯೂಟರಿನ ಎದುರು ಹಾಡುತ್ತಿದ್ದರು.

"ದೊಡ್ಡಾ ಕೇ ಬಂತು, ಸಣ್ಣಾ ಎಂ ಬಂತು, ಏಳರ ಸಂಗ್ತಿಗೆ ನಕ್ಷತ್ರ ಬಂತು..."

ನಾಟಿ ಗದ್ದೆಯಲ್ಲಿ ಹೆಂಗಸರು ಹೇಳುವ ಹಾಡಿನ ಧಾಟಿ. ಅದಕ್ಕೆ ಪಾಸ್‌ವರ್ಡಿನ ಇಪ್ಪತ್ತೆರಡು ಅಕ್ಷರಗಳನ್ನು ಕಟ್ಟಿದ್ದರು. ರಾಗ ಹೋದಂತೆ ಬೆರಳು ಹೋಗುತ್ತಿತ್ತು.

"ಗೌರಕ್ಕಾ, ನಕ್ಷತ್ರ ಆದ್ಮೇಲೆ ಎಂತಾ?" ಎಂದು ನಾನು ನಡುವೆ ಕೇಳಿದೆ.

ಹಾಡು ನಿಂತಿತು. ಬೆರಳೂ ನಿಂತಿತು. "ಸಾಯ್ಲಿ ನಿನ್ನ ಬಾಯಿಗೆ! ನಡುವೆ ಕೇಳಿದ್ರೆ ನಂಗೆಂತಾ ಗುತ್ತಾತದೆ? ಮತ್ತೆ ಮೊದ್ಲಿಂದ ಎತ್ಬೇಕು ಈಗ."

ನನ್ನ ಎರಡನೇ ವಾರದಲ್ಲಿ ಗೌರಕ್ಕ ಕಾಮತ್ ಸರ್ ಎದುರು ಹೋಗಿ ನಿಂತರು. ಕೈಯಲ್ಲಿ ಲಗ್ನಪತ್ರಿಕೆ.

"ಸರ್, ಸಂತೆಗುಳಿಲಿ ನಮ್ಮ ಮಾದೇವಿ ಮದ್ವಿ. ನಾಕು ದಿನ ರಜೆ ಬೇಕಾಗಿತ್ತು."

"ನಾಲ್ಕು ದಿನಾ? ದೇವಾ! ಆರಕ್ಕೆ ಬಾ, ಏಳಕ್ಕೆ ಹೋಗು. ಕಾರು ಕಳಿಸ್ತೇನೆ."

"ಆರಕ್ಕೇ ಸರ್ ಅರಿಶಿಣದ ಹಾಡು ಸುರು ಆಗೂದು."

"ಬೇರೆ ಯಾರಾದ್ರೂ ಹಾಡ್ಲಿ."

"ಬೇರೆಯವ್ರಿಗೆ ಬರೂದಿಲ್ಲ. ನಾ ಎತ್ತಿ ಕೊಟ್ರೆ ತಿರುಗಿ ಹೇಳ್ತ್ರು, ಅಷ್ಟೇಯ. ನಾ ಹೋಗ್ಲಿಲ್ಲ ಅಂದ್ರೆ ಸ್ಪೀಕರ್ ತಂದು ಸಿನೆಮಾ ಹಾಡು ಹಾಕ್ತ್ರಂತೆ."

ಮಾದೇವಿ ಗೌರಕ್ಕನ ತೀರಿಹೋದ ಅಕ್ಕನ ಮಗಳು. ಚಿಕ್ಕಂದಿನಿಂದ ಗೌರಕ್ಕನೇ ಬೆಳೆಸಿದ್ದು. ಅರಿಶಿಣದಿಂದ ಹಿಡಿದು ಹೆಣ್ಣು ಒಪ್ಪಿಸುವವರೆಗೆ ನಾಲ್ಕು ದಿನಕ್ಕೂ ಸಾಲುಸಾಲು ಹಾಡುಗಳಿವೆ, ಮನೆಯಲ್ಲಿ ಅವು ಪೂರ್ತಿ ಗೊತ್ತಿದ್ದದ್ದು ಅಕ್ಕತಂಗಿ ಇಬ್ಬರಿಗೆ ಮಾತ್ರ. ಈಗ ಒಬ್ಬರಿಗೆ.

"ಪಾಸ್‌ವರ್ಡ್ ಯಾರು ಹೊಡೀಬೇಕು?" ಎಂದರು ಕಾಮತ್ ಸರ್. ಅವರೇ ಹೊಡೆಯುವುದು ಸಾಧ್ಯವಿರಲಿಲ್ಲ, ಒಂದೇ ಬೆರಳಲ್ಲಿ ಟೈಪ್ ಮಾಡುವ ಮನುಷ್ಯ. ನನ್ನ ಕಡೆ ನೋಡಿದರು, ಆಮೇಲೆ ಗೋಡೆಯ ಕಡೆ ನೋಡಿದರು. ಗೋಡೆಯ ಮೇಲೆ ಅವರಿಗೆ ಹೆಚ್ಚು ನಂಬಿಕೆ ಇದ್ದಂತೆ ಕಂಡಿತು. "ಮೀಸೆ ಬಾರದವನ ಕೈಗೆ ಪಾಸ್‌ವರ್ಡ್ ಕೊಡುವುದಿಲ್ಲ. ರಜೆ ಆಗೂದಿಲ್ಲ ಗೌರಿ."

ಆಗ ನಾನು ಇಡೀ ಸೇವಾವಧಿಯಲ್ಲೇ ಅತಿ ದೊಡ್ಡ ಮಾತು ಆಡಿದೆ: "ಸರ್, ಯಾರೂ ಹೊಡಿಯೂದು ಬೇಡ. ನಾ ಸ್ಕ್ರಿಪ್ಟ್ ಬರೀತೆ, ಕಂಪ್ಯೂಟರಿಗೆ ಒಂದು ಆಜ್ಞೆಪಟ್ಟಿ. ಆರಕ್ಕೆ ಅದೇ ಓಡ್ತದೆ, ಅದೇ ಒಳಗೆ ಹೋತದೆ, ಅದೇ ತತ್ತದೆ."

ಮದುವೆಗೆ ಆರು ವಾರ ಇತ್ತು. ಕಾಮತ್ ಸರ್ ನಕ್ಕರು. ಆ ನಗುವಿನಿಂದಲೇ ನನಗೆ ಹಟ ಬಂತು. ಗೌರಕ್ಕನನ್ನು ಸಂತೆಗುಳಿಗೆ ಕಳಿಸದೆ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ.

ಎಲ್ಲರಿಗೂ ಮೊದಲು ಹೊಳೆಯುವ ಉಪಾಯವೇ ನನಗೂ ಹೊಳೆಯಿತು. ನಮ್ಮ ಬದಲು ಪಾಸ್‌ವರ್ಡ್ ಹೊಡೆದುಕೊಡುವ ಸಣ್ಣ ಪ್ರೋಗ್ರಾಮುಗಳಿವೆ. ಅದರ ಬಾಯಿಗೆ ಪಾಸ್‌ವರ್ಡ್ ತುಂಬಿಸಿ ಸ್ಕ್ರಿಪ್ಟಿನೊಳಗೆ ಇಟ್ಟರೆ ಆಯಿತು. ಗೌರಕ್ಕನನ್ನು ಪುಸಲಾಯಿಸಿ ಹಾಡಿಸಿ, ಕೇಳಿದ್ದನ್ನೆಲ್ಲ ಸ್ಕ್ರಿಪ್ಟಿಗೆ ಬರೆದೆ. ಬೆಳಿಗ್ಗೆ ಓಡಿಸಿದೆ. ತಪ್ಪು. ಮತ್ತೆ, ತಪ್ಪು. ಮೂರನೇ ಸಲಕ್ಕೆ ಭಟ್ಕಳದ ಸರ್ವರ್ ಬಾಗಿಲು ಹಾಕಿಕೊಂಡಿತು. ನನ್ನ ಸ್ಕ್ರಿಪ್ಟ್ ನೋಡಿದ ಗೌರಕ್ಕ ಹಣೆ ಹಣೆ ಚಚ್ಚಿಕೊಂಡರು.

"ಹೋಯ್, ಇದೆಂತಾ ಎಲ್ಲಾ ಎರಡೆರಡು ಸಲ ಬರ್ದೀಯೆ?"

"ನೀವೇ ಎರಡೆರಡು ಸಲ ಹಾಡಿದ್ರಿ."

"ಒಂದ್ಸಲ ಎತ್ತೂದು, ಒಂದ್ಸಲ ತಿರುಗಿ ಹೇಳೂದು! ಗದ್ದೆಲಿ ತಿರುಗಿ ಹೇಳೂಕೆ ಜನ ಇರ್ತ್ರು. ಇಲ್ಲಿ ಯಾರಿದ್ರು? ಎರಡೂ ನಾನೇ ಹೇಳ್ಬೇಕು. ತಿರುಗಿ ಹೇಳುವಾಗ ನಾ ಟೈಪ್ ಮಾಡ್ತ್ನಾ ನೋಡ್ಲಿಲ್ಯಾ ನೀನು?"

ನೋಡಿರಲಿಲ್ಲ. ಪ್ರತಿ ಸಾಲನ್ನೂ ಒಬ್ಬರು ಎತ್ತುವುದು, ಉಳಿದವರು ತಿರುಗಿ ಹೇಳುವುದು ಆ ಹಾಡುಗಳ ಕ್ರಮ. ಜಗತ್ತಿನಲ್ಲಿ ಎಷ್ಟೋ ಜನ ಪಾಸ್‌ವರ್ಡ್ ತಪ್ಪಾಗಿ ಹೊಡೆದಿರಬಹುದು. ಹಿಮ್ಮೇಳ ಸಮೇತ ಹೊಡೆದವನು ನಾನೊಬ್ಬನೇ ಇರಬೇಕು. ಅವತ್ತು ಭಟ್ಕಳದ ವರದಿಗಳು ಒಂದು ಗಂಟೆ ತಡವಾಗಿ ಬಂದವು. ಫೋನಿನಲ್ಲಿ ನಾನು ತಿಂದ ಬೈಗುಳದಿಂದ ಮಧ್ಯಾಹ್ನದ ಊಟ ಬೇಕಾಗಲಿಲ್ಲ.

ಹಿಮ್ಮೇಳ ತೆಗೆದ ಮೇಲೆ ಸ್ಕ್ರಿಪ್ಟ್ ಚೆನ್ನಾಗಿ ಓಡಿತು. ನಾಲ್ಕು ದಿನ ನಾನು ಕಾಲರ್ ಎತ್ತಿಕೊಂಡು ತಿರುಗಿದೆ. ಐದನೇ ದಿನ ಭಟ್ಕಳ ಶಾಖೆ ನೋಡಿಕೊಳ್ಳುವ ಇಮ್ತಿಯಾಜ್ ಭಾಯ್ ಫೋನ್ ಮಾಡಿದರು. ನಮ್ಮ ಸರ್ವರಿಗೆ ಬಂದು ನೋಡುವ ಅನುಮತಿ ಅವರಿಗೂ ಇತ್ತು.

"ಕ್ಯಾ ರೇ, ಮಷೀನು ನಿಧಾನ ಆಯ್ತಲ್ಲ ಅಂತ ಒಳಗೆ ಎಂತೆಂತಾ ಓಡ್ತಾ ಉಂಟು ಅಂತ ಪಟ್ಟಿ ತೆಗ್ದು ನೋಡಿದೆ. ಅದ್ರಲ್ಲಿ ನಿನ್ನ ಸ್ಕ್ರಿಪ್ಟು ಪಾಸ್‌ವರ್ಡನ್ನು ತಲೆ ಮೇಲೆ ಹೊತ್ಕೊಂಡು ಮೆರವಣಿಗೆ ಹೋಗ್ತಾ ಉಂಟು ಮಾರಾಯ. ಓದಿ ಹೇಳ್ಲಾ? ದೊಡ್ಡ ಕೇ, ಸಣ್ಣ ಎಂ..."

ಗೌರಕ್ಕನ ಮುಖ ಬಿಳುಚಿಕೊಂಡಿತು. ನನ್ನ ಮುಖವನ್ನು ನಾನು ನೋಡಿಕೊಳ್ಳಲಿಲ್ಲ. ಕೆಲಸಕ್ಕೆ ಹೊಸದಾಗಿ ಬರುವವರು ಇದನ್ನು ಗಟ್ಟಿ ಮಾಡಿಕೊಳ್ಳಿ. ಸ್ಕ್ರಿಪ್ಟಿನಲ್ಲಿ ಪಾಸ್‌ವರ್ಡ್ ಬರೆದರೆ ಸ್ಕ್ರಿಪ್ಟ್ ಓದುವವರಿಗೆಲ್ಲ ಅದು ಗೊತ್ತು. ಅದನ್ನು ಆಜ್ಞೆಯ ಜೊತೆಗೇ ಕೊಟ್ಟರೆ, ಓದದೆ ಸುಮ್ಮನೆ ಇಣುಕಿದವರಿಗೂ ಗೊತ್ತು. ಬಸ್ ಸ್ಟ್ಯಾಂಡಿನ ಗೋಡೆಗೆ ಬರೆದರೂ ಅಷ್ಟೇ. ಗೋಡೆಯನ್ನಾದರೂ ಜನ ಅಷ್ಟು ಗಮನ ಕೊಟ್ಟು ಓದುವುದಿಲ್ಲ.

"ಕಸಲೆ ರೇ ಹೇಂ?" ಕಾಮತ್ ಸರ್ ಸಿಟ್ಟು ಬಂದಾಗ ಮಾತ್ರ ಕೊಂಕಣಿಗೆ ಇಳಿಯುತ್ತಿದ್ದರು. ಇದೇನಿದು ಎಂದು ಅದೇ ಪ್ರಶ್ನೆಯನ್ನು ನಾಲ್ಕು ಎತ್ತರದಲ್ಲಿ ಕೇಳಿದರು. ಪಾಸ್‌ವರ್ಡ್ ಬದಲಾಯಿತು, ಈ ಸಲ ಇಪ್ಪತ್ತಾರು ಅಕ್ಷರ. ಗೌರಕ್ಕ ಹೊಸ ಹಾಡು ಕಟ್ಟಿದರು, ಆದರೆ ಬಾಯಿಬಿಟ್ಟು ಹಾಡುವುದಕ್ಕೆ ನಿಷೇಧ. ತುಟಿ ಮಾತ್ರ ಅಲ್ಲಾಡುತ್ತಿತ್ತು. ನಾನು ಕೋಣೆಯಲ್ಲಿದ್ದರೆ ತುಟಿಯೂ ಇಲ್ಲ.

ಮೂರು ವಾರ ಉಳಿದಿತ್ತು. ಪಾಸ್‌ವರ್ಡನ್ನು ಬಚ್ಚಿಡುವ ಯೋಚನೆಯನ್ನೇ ಬಿಟ್ಟೆ. ಅದು ಇಲ್ಲದೆಯೇ ಒಳಗೆ ಹೋಗುವ ದಾರಿ ಇದೆ, ಅದು ಜೋಡಿ ಕೀಲಿ. ನಮ್ಮ ಸರ್ವರಿನಲ್ಲಿ ಒಂದು ಆಜ್ಞೆ ಕೊಟ್ಟರೆ ಎರಡು ಕಡತ ಹುಟ್ಟುತ್ತವೆ. ಒಂದು ಗುಟ್ಟಿನದು, ಹೊನ್ನಾವರ ಬಿಟ್ಟು ಎಲ್ಲಿಗೂ ಹೋಗಬಾರದು. ಇನ್ನೊಂದು ಬಹಿರಂಗದ್ದು, ಅದನ್ನು ಭಟ್ಕಳ ಮತ್ತು ಕುಮಟಾದ ಸರ್ವರುಗಳಲ್ಲಿ ಇಟ್ಟು ಬಂದರೆ ಮುಂದಿನ ಸಲ ಅವು ಪಾಸ್‌ವರ್ಡ್ ಕೇಳುವುದಿಲ್ಲ. ಇದನ್ನು ಕಾಮತ್ ಸರ್‌ಗೆ ಅರ್ಧ ಗಂಟೆ ವಿವರಿಸಿದೆ. ಬೋರ್ಡಿನ ಮೇಲೆ ಬಾಣ ಬಿಡಿಸಿದೆ. ಕೊನೆಗೆ ಬೋರ್ಡು ನನ್ನ ಜಾತಕದ ಹಾಗೆ ಕಾಣುತ್ತಿತ್ತು.

"ಬಾಗಿಲಿಗೆ ಬೀಗವೇ ಬೇಡ ಅಂತೀಯೆ," ಎಂದರು ಅವರು.

ಕಸ ಗುಡಿಸುತ್ತಿದ್ದ ಗೌರಕ್ಕ ನಿಂತರು. "ಅಲ್ಲ ಸರ್. ನಮ್ಮಲ್ಲಿ ದಿಬ್ಬಣ ಬಂದಾಗ ಬಾಗ್ಲಲ್ಲಿ ತಡೀತ್ರು. ಹೆಣ್ಣಿನ ಬದಿಯವ್ರು ಹಾಡಲ್ಲೇ ಒಂದು ಒಗಟು ಹಾಕ್ತ್ರು. ಗಂಡಿನ ಬದಿಯವ್ರು ಹಾಡಲ್ಲೇ ಉತ್ರ ಕೊಡ್ಬೇಕು. ದಿನಾ ಹೊಸ ಒಗಟು ಹಾಕಿದ್ರೂ, ಹಾಡು ಗುತ್ತಿದ್ದವ್ರು ಕಟ್ಟಿ ಹೇಳ್ತ್ರು. ನಡುವೆ ನಿಂತು ಕೇಳ್ದವಂಗೆ ಒಂದು ಉತ್ರ ಸಿಗೂದು, ಹಾಡ್ಗಾರಿಕೆ ಸಿಗೂದಿಲ್ಲ. ಹಂಗೇ ಅಲ್ದನಾ ತಮಾ?"

ನಾನು ಬಾಯಿ ತೆರೆದು ನಿಂತೆ. ಒಳಗಿನ ಲೆಕ್ಕಾಚಾರವೇ ಅದು. ಆ ಕಡೆಯ ಸರ್ವರ್ ಪ್ರತಿ ಸಲ ಹೊಸ ಪ್ರಶ್ನೆ ಹಾಕುತ್ತದೆ, ಗುಟ್ಟಿನ ಕೀಲಿ ಇದ್ದವರು ಮಾತ್ರ ಅದಕ್ಕೆ ಸರಿಯಾದ ಉತ್ತರ ಕಟ್ಟಬಲ್ಲರು, ಕೀಲಿ ಮಾತ್ರ ಮನೆ ಬಿಟ್ಟು ಹೊರಡುವುದೇ ಇಲ್ಲ. "ನಾನೂ ಅದನ್ನೇ ಹೇಳ್ತಾ ಇದ್ದದ್ದು," ಎಂದೆ. ಸುಳ್ಳು.

ಬಹಿರಂಗದ ಕೀಲಿಯನ್ನು ಆ ಕಡೆ ಇಡಲು ಒಂದು ಸಲ ಪಾಸ್‌ವರ್ಡ್ ಬೇಕು. ನನ್ನನ್ನು ಹೊರಗೆ ನಿಲ್ಲಿಸಿ ಗೌರಕ್ಕ ಅದನ್ನು ಹೊಡೆದರು. ಕುಮಟಾ ತಕ್ಷಣ ಒಪ್ಪಿತು. ಭಟ್ಕಳ ಮಾತ್ರ ಕೀಲಿ ನೋಡಿಯೂ ನೋಡದ ಹಾಗೆ ಮಾಡಿ ಪಾಸ್‌ವರ್ಡ್ ಕೇಳುತ್ತಲೇ ಇತ್ತು. ಎರಡು ದಿನ ತಲೆ ಕೆಡಿಸಿಕೊಂಡು, ಬಸ್ಸು ಹತ್ತಿ ಭಟ್ಕಳಕ್ಕೇ ಹೋದೆ. ದಾರಿಯಲ್ಲಿ ಕಾಯ್ಕಿಣಿ, ನನ್ನ ಮನೆ. ಇಳಿದರೆ ಅಮ್ಮ ಊಟಕ್ಕೆ ಕೂರಿಸುತ್ತಾಳೆ, ಊಟವಾದರೆ ನಿದ್ದೆ ಬರುತ್ತದೆ. ಇಳಿಯಲಿಲ್ಲ. ನನ್ನ ವೃತ್ತಿಜೀವನದ ಅತಿ ದೊಡ್ಡ ತ್ಯಾಗ ಅದು.

ಇಮ್ತಿಯಾಜ್ ಭಾಯ್ ಚಾ ತರಿಸಿದರು. ನಾನು ಸರ್ವರ್ ತೆರೆದು ನೋಡಿದೆ. ನಮ್ಮ ಕೀಲಿ ಇದ್ದ ಮನೆ-ಫೋಲ್ಡರಿಗೆ ಯಾರು ಬೇಕಾದರೂ ಬರಬಹುದು, ಏನು ಬೇಕಾದರೂ ಬರೆಯಬಹುದು ಎಂಬ ಅನುಮತಿ ಕೊಟ್ಟಿತ್ತು.

"ಭಾಯ್, ಇದ್ಯಾರು ಹೀಗೆ ಊರಿಗೆಲ್ಲ ತೆರ್ದಿಟ್ಟದ್ದು?"

"ನಾನೇ. ಹುಡುಗ್ರು ಕ್ರಿಕೆಟ್ ವಿಡಿಯೋ ಹಾಕ್ಲಿಕ್ಕೆ ಅಂತ. ಅದ್ರಿಂದ ಎಂತಾಯ್ತು?"

ಆದದ್ದು ಇಷ್ಟೇ. ಯಾರು ಬೇಕಾದರೂ ಕೈಹಾಕಬಹುದಾದ ಜಾಗದಲ್ಲಿ ಸಿಕ್ಕ ಕೀಲಿಯನ್ನು ಸರ್ವರ್ ನಂಬುವುದಿಲ್ಲ. ಅದು ಸರಿ ಕೂಡ. ಫೋಲ್ಡರನ್ನು ಒಡೆಯನಿಗೆ ಮಾತ್ರ ಎಂದು ಬಿಗಿ ಮಾಡಿದೆ, ಕೀಲಿಯ ಕಡತವನ್ನೂ ಬಿಗಿ ಮಾಡಿದೆ. ಪಾಸ್‌ವರ್ಡ್ ಕೇಳುವುದು ನಿಂತಿತು. ಕ್ರಿಕೆಟ್ಟಿಗೆ ಬೇರೆ ಜಾಗ ಮಾಡಿಕೊಟ್ಟೆ, ಇಲ್ಲದಿದ್ದರೆ ಇಮ್ತಿಯಾಜ್ ಭಾಯ್ ನನ್ನನ್ನು ಬಸ್ ಸ್ಟ್ಯಾಂಡಿಗೆ ಬಿಡುತ್ತಿರಲಿಲ್ಲ.

ವಾಪಸು ಬಂದರೆ ಕಾಮತ್ ಸರ್‌ಗೆ ಹೊಸ ಚಿಂತೆ: "ಆ ಗುಟ್ಟಿನ ಕೀಲಿಯನ್ನೇ ಯಾರಾದ್ರೂ ಕದ್ರೆ? ಅದಕ್ಕೂ ಒಂದು ಪಾಸ್‌ವರ್ಡ್ ಹಾಕು."

"ಹಾಕ್ಬಹುದು ಸರ್. ಆದ್ರೆ ಆರಕ್ಕೆ ಅದನ್ನು ಯಾರು ಹೊಡಿಯೂದು?"

ಅವರು ಗೌರಕ್ಕನ ಕಡೆ ನೋಡಿದರು. ಗೌರಕ್ಕ ಲಗ್ನಪತ್ರಿಕೆಯ ಕಡೆ ನೋಡಿದರು. ಆದರೂ ಚಿಂತೆ ನ್ಯಾಯವಾದದ್ದೇ ಆಗಿತ್ತು, ನಗೆಯಾಡುವಂತಿರಲಿಲ್ಲ. ಎರಡು ದಿನ ಓದಿ ಒಂದು ಮಧ್ಯದ ದಾರಿ ಹಿಡಿದೆ. ಆ ಕೀಲಿ ಹಿಡಿದು ಹೊನ್ನಾವರದ ಸರ್ವರಿನಿಂದ ಮಾತ್ರ ಬರಬಹುದು. ಬಂದರೂ ವರದಿ ಕೊಡುವ ಒಂದು ಕೆಲಸ ಬಿಟ್ಟು ಬೇರೇನೂ ಮಾಡಲಾಗದು. ಕದ್ದವನಿಗೆ ಮನೆ ಸಿಗುವುದಿಲ್ಲ, ಕಿಟಕಿಯಿಂದ ಕೈಗೆ ಬರುವ ಕಡತ ಮಾತ್ರ, ಅದೂ ನಮ್ಮ ಕೊಡೆಗಳ ಪಕ್ಕ ಕುಳಿತುಕೊಂಡರೆ. ಕಾಮತ್ ಸರ್ ನಾಲ್ಕು ಸಲ ಕೇಳಿ, ಐದನೇ ಸಲ ನನ್ನಿಂದಲೇ ಕಳ್ಳನ ಪಾತ್ರ ಮಾಡಿಸಿ, ಒಳಗೆ ಹೋಗಲಾಗದೆ ನಾನು ಬೆವರಿದ ಮೇಲೆ ಒಪ್ಪಿದರು. ಜೊತೆಗೆ ಒಂದು ಷರತ್ತು. ಮೂರು ಬೆಳಗು ಸಾಲಾಗಿ ಯಾರೂ ಕೀಬೋರ್ಡು ಮುಟ್ಟದೆ ವರದಿಗಳೆಲ್ಲ ಬರಬೇಕು. ಒಂದು ತಪ್ಪಿದರೂ ರಜೆ ಇಲ್ಲ.

ಮದುವೆಗೆ ಏಳು ದಿನ. ಮೊದಲ ಬೆಳಗು ಬಂತು. ಎರಡನೇ ಬೆಳಗು ಬಂತು. ಮೂರನೇ ಬೆಳಗು ಭಟ್ಕಳ ಬಂತು, ಕುಮಟಾ ಬರಲಿಲ್ಲ. ಪರದೆಯ ಮೇಲೆ ದೊಡ್ಡಕ್ಷರದ ಎಚ್ಚರಿಕೆ: ಈ ಯಂತ್ರದ ಗುರುತು ಬದಲಾಗಿದೆ, ಇದು ನಾನು ಬಲ್ಲ ಕುಮಟಾ ಅಲ್ಲ, ನಾನು ಮುಂದೆ ಹೋಗುವುದಿಲ್ಲ.

ಕಾಮತ್ ಸರ್ ಕನ್ನಡಕ ತೆಗೆದು ಒರೆಸಿದರು. ಅದು ಕೊಂಕಣಿಗಿಂತ ಕೆಟ್ಟದ್ದು. "ಆಯ್ತು ಗೌರಿ. ಮದುವೆ ದಿನ ಕಾರು ಕಳಿಸ್ತೇನೆ."

ಆ ಎಚ್ಚರಿಕೆಯ ಬಾಯಿ ಮುಚ್ಚಿಸುವ ಒಂದು ಸೆಟ್ಟಿಂಗ್ ಇದೆ. ಯಾರೇ ಇರಲಿ, ಗುರುತು ಕೇಳದೆ ನಂಬು ಎಂದು ಹೇಳುವುದು. ನನ್ನ ಬೆರಳು ಅದರ ಮೇಲೇ ಇತ್ತು, ಆಣೆ ಮಾಡಿ ಹೇಳುತ್ತೇನೆ. ಹೊಡೆಯಲಿಲ್ಲ. ಕುಮಟಾಕ್ಕೆ ಫೋನ್ ಮಾಡಿದೆ. ಹಿಂದಿನ ಸಂಜೆ ಅಲ್ಲಿನ ಸರ್ವರ್ ಕೆಟ್ಟು, ಎಲ್ಲವನ್ನೂ ಹೊಸದಾಗಿ ತುಂಬಿ, ಹಳೆಯ ಫೋಲ್ಡರುಗಳನ್ನು ಮರಳಿ ಇಟ್ಟಿದ್ದರಂತೆ. ನಮಗೆ ಹೇಳಲು ಮರೆತಿದ್ದರಂತೆ. ಹೊಸ ಗುರುತಿನ ಸಾಲನ್ನು ಅವರು ಫೋನಿನಲ್ಲಿ ಅಕ್ಷರ ಅಕ್ಷರವಾಗಿ ಓದಿದರು. ನಾನು ಪರದೆಯ ಮೇಲೆ ಬೆರಳಿಟ್ಟು ಹೊಂದಿಸಿದೆ. ಕೊನೆಯ ಅಕ್ಷರದವರೆಗೂ ಸರಿ ಹೊಂದಿದ ಮೇಲೆ ಒಪ್ಪಿಕೊಂಡೆ. ವರದಿಗಳು ಏಳಕ್ಕೆ ಬಂದವು. ಒಂದು ಗಂಟೆ ತಡ.

ಅಷ್ಟರಲ್ಲಿ ಗೌರಕ್ಕ ಕಾಮತ್ ಸರ್ ಮೇಜಿನ ಎದುರು ನಿಂತಿದ್ದರು. ಎಂಟು ವರ್ಷದಲ್ಲಿ ಅವರು ಆ ಮೇಜಿನ ಮೇಲೆ ಕೈಯೂರಿದ್ದನ್ನು ಯಾರೂ ನೋಡಿರಲಿಲ್ಲವಂತೆ.

"ಸರ್, ನಿನ್ನೆ ಸಂಜೆ ಆ ಮಷೀನು ಬದ್ಲಾಗಿದ್ದು ನಂಗೆ ಗುತ್ತಿತ್ತಾ?"

"ಇಲ್ಲ."

"ಇವತ್ತು ನಾ ಆಗಿದ್ರೆ ಆ ಎಚ್ಚರಿಕೆ ಓದ್ತಿದ್ನಾ? ಇಂಗ್ಲೀಷ್ ಕಂಡ್ರೆ ಎಂಟರ್ ಹೊಡೂದೇಯ ನಾನು. ದಾರಿ ಮಾಡ್ಕಂಡು ಹೋಗಿ ಯಾರೋ ಗುರ್ತಿಲ್ದವಂಗೆ ಪಾಸ್‌ವರ್ಡ್ ಹಾಡಿ ಬತ್ತಿದ್ದೆ. ಈ ಸ್ಕ್ರಿಪ್ಟು ಗುರ್ತಿಲ್ಲ ಅಂತ ಬಾಗ್ಲಲ್ಲೇ ನಿಂತ್ಕಂತು. ಅದು ತಪ್ಪಾ ಸರ್? ನಾ ಎಂಟು ವರ್ಷದಲ್ಲಿ ಎಷ್ಟು ಸಲ ಬೀಗ ಬೀಳ್ಸಿದ್ದೆ, ನೀವು ಒಂದಿನ ಕೆಲ್ಸ ಬಿಡು ಅಂದ್ರಾ? ಮತ್ತೆ ಮೂರು ದಿನ ಕೊಡಿ ಅದ್ಕೆ. ಆಗ್ಲಿಲ್ಲಾ, ನಾ ಮದ್ವಿಗೆ ಹೋಗೂದಿಲ್ಲ. ನೀವು ಕಾರು ಕಳ್ಸೂದೂ ಬೇಡ."

ಕಾಮತ್ ಸರ್ ಬಹಳ ಹೊತ್ತು ಕನ್ನಡಕ ಒರೆಸಿದರು. ಗಾಜು ಸವೆದೇ ಹೋಗುತ್ತದೆ ಎಂದುಕೊಂಡೆ. "ಮೂರು ದಿನ," ಎಂದರು.

ಆ ಮೂರು ಬೆಳಗೂ ನಾನು ಐದೂವರೆಗೇ ಬಂದು ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುಳಿತೆ. ಗೌರಕ್ಕ ಬಾಗಿಲಲ್ಲಿ ನಿಂತರು, ಒಳಗೆ ಬರಲಿಲ್ಲ. ಕಾಮತ್ ಸರ್ ಗಡಿಯಾರ ನೋಡಿದರು. ಆರಕ್ಕೆ ಭಟ್ಕಳ ಬಂತು, ಕುಮಟಾ ಬಂತು. ಮರುದಿನವೂ ಬಂತು. ಮೂರನೇ ದಿನವೂ ಬಂದ ಮೇಲೆ ಗೌರಕ್ಕ ಚೀಲ ತೆಗೆದುಕೊಂಡು ಸಂತೆಗುಳಿ ಬಸ್ಸಿಗೆ ಹೊರಟರು.

ರಜೆಯ ಮೊದಲ ದಿನ ಸರಿ ಹೋಯಿತು. ಎರಡನೇ ದಿನ ಮದುವೆ. ಆರು ಗಂಟೆಗೆ ವರದಿಗಳು ತಾವಾಗಿ ಬಂದು ಸಾಲಾಗಿ ನಿಂತವು. ಕಾಮತ್ ಸರ್ ಸಹಿ ಮಾಡಿ ಮುಗಿಸಿ, ಎಲ್ಲವೂ ಡಾಕ್ಟರುಗಳಿಗೆ ಹೋದ ಮೇಲೆ, ಕಾರಿನ ಕೀಲಿ ತೆಗೆದುಕೊಂಡರು. "ನಡಿ ಮಗಾ, ಕಾರು ಕಳಿಸ್ತೇನೆ ಅಂದಿದ್ದೆನಲ್ಲ. ನಾವೇ ಹೋಗುವ."

ಸಂತೆಗುಳಿಗೆ ಮುಟ್ಟುವಾಗ ಚಪ್ಪರ ತುಂಬಿತ್ತು. ಮಾದೇವಿಗೆ ಹೂ ಮುಡಿಸುತ್ತಿದ್ದರು. ಪಕ್ಕದಲ್ಲಿ ಹೆಂಗಸರ ಗುಂಪು, ನಡುವೆ ಗೌರಕ್ಕ ಹಾಡುತ್ತಿದ್ದರು. ಲ್ಯಾಬಿನಲ್ಲಿ ಗುನುಗುತ್ತಿದ್ದ ಗಂಟಲು ಇದೇನಾ ಅನ್ನಿಸಿತು. ಚಪ್ಪರದ ಕಂಬಕ್ಕೆ ಕಿವಿಯಿದ್ದಿದ್ದರೆ ಅದೂ ತಿರುಗಿ ಹೇಳುತ್ತಿತ್ತು.

ಆಗ ಅವರು ನಮ್ಮನ್ನು ನೋಡಿದರು.

ಬಾಯಿ ಸಾಲು ಮುಗಿಸಿತು, ಮುಖದ ಬಣ್ಣ ಮಾತ್ರ ಇಳಿದುಹೋಯಿತು. ನಾವಿಬ್ಬರೂ ಅಲ್ಲಿ ಬಂದು ನಿಲ್ಲುವುದಕ್ಕೆ ಅವರಿಗೆ ಒಂದೇ ಕಾರಣ ತೋಚಿತ್ತು. ಉಳಿದ ಹೆಂಗಸರು ತಿರುಗಿ ಹೇಳುತ್ತಿರುವಾಗ ಗೌರಕ್ಕ ಅರ್ಧ ಎದ್ದೇಬಿಟ್ಟರು, ಒಂದು ಕೈ ಆಗಲೇ ಚೀಲ ಹುಡುಕುತ್ತಿತ್ತು. ನಾನು "ಎಲ್ಲಾ ಬಂತು ಗೌರಕ್ಕಾ" ಎಂದು ಕೂಗಿದೆ. ಇಪ್ಪತ್ತು ಹೆಂಗಸರ ದನಿಯ ಎದುರು ನನ್ನದು ಸೊಳ್ಳೆಯ ಸದ್ದು.

ಕಾಮತ್ ಸರ್ ಚಪ್ಪಲಿ ಬಿಟ್ಟರು. ಮಂಡಿ ನೋವಿನ ಆ ದೊಡ್ಡ ಮನುಷ್ಯ ಇಡೀ ಚಪ್ಪರ ದಾಟಿ ಹೋಗಿ, ಹೆಂಗಸರ ಎದುರಿಗಿದ್ದ ಚಾಪೆಯ ಮೇಲೆ ಕೈಯೂರಿ, "ಅಯ್ಯೋ ದೇವಾ" ಎನ್ನುತ್ತಾ, ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. ಕರೆ‌ದೊಯ್ಯಲು ಬಂದವರು ಹಾಗೆ ಕೂರುವುದಿಲ್ಲ. ಅವರನ್ನು ಎಬ್ಬಿಸಲು ಇನ್ನು ಇಬ್ಬರು ಬೇಕು ಎಂಬುದು ಯಾರಿಗಾದರೂ ಕಾಣುವಂತಿತ್ತು.

ಗೌರಕ್ಕ ಅವರನ್ನೇ ನೋಡಿದರು. ಚೀಲದಿಂದ ಕೈ ತೆಗೆದರು. ಸೆರಗು ಸರಿಮಾಡಿಕೊಂಡು ಮತ್ತೆ ಕುಳಿತು, ಮಾದೇವಿಯ ಕಡೆ ತಿರುಗಿ, ಮುಂದಿನ ಸಾಲನ್ನು ಎತ್ತಿದರು.